ಒಳಗಿನ ಚಿಲಕ

ನಮ್ಮೂರಲ್ಲಿ ಸಾವು ಬಾಗಿಲಿನಿಂದಲೇ ಬರುತ್ತದೆ. ಕಿಟಕಿಯಲ್ಲಿ ನುಸುಳುವುದು, ಹೆಂಚು ಸರಿಸಿ ಇಳಿಯುವುದು, ಇಂಥ ಕಳ್ಳಬುದ್ಧಿ ಅದಕ್ಕಿಲ್ಲ. ಬಾಗಿಲು ಭದ್ರವಾಗಿ ಹಾಕಿದ್ದರೆ ಹೊರಗೇ ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋಗುತ್ತದೆ. ಹಾಗಾಗಿ ನಮ್ಮಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಮೊದಲು ಕರೆಸುವುದು ವೈದ್ಯರನ್ನಲ್ಲ, ಬೀಗದವನನ್ನು. ರೋಗಿಯನ್ನು ಒಳಗೆ ಮಲಗಿಸಿ, ಬೀಗ ಜಡಿದು, ಬಾಗಿಲ ಕಿಂಡಿಯಿಂದ ಗಂಜಿ ನೀರು ಕೊಡುತ್ತಾರೆ. ಅನುಕೂಲವಿದ್ದ ಮನೆಗಳಲ್ಲಿ ಹೆಂಡತಿಯೋ ಮಗಳೋ ಜೊತೆಗೇ ಒಳಗೆ ಸೇರಿಕೊಳ್ಳುತ್ತಾರೆ. ಎಷ್ಟು ಕಾಲ ಎಂದು ಕೇಳಬೇಡಿ. ಅಕ್ಕಸಾಲಿಗರ ಬೀದಿಯ ಯಜಮಾನರೊಬ್ಬರು ಮೊಮ್ಮಗನ ಮದುವೆಯ ಊಟವನ್ನೂ ಕಿಂಡಿಯಲ್ಲೇ ಉಂಡರು, ಆ ಮೊಮ್ಮಗನ ಮಗಳ ಮದುವೆಯ ಊಟವನ್ನೂ.

ಕೊನೆಗೆ ನೋವು ಸಾಕಾದಾಗ ರೋಗಿ ತಾನೇ ಬಾಯಿಬಿಟ್ಟು ಬಾಗಿಲು ತೆಗೆಯಿರಿ ಎನ್ನಬೇಕು. ಅವನ ಪರವಾಗಿ ಬೇರೆಯವರು ಹೇಳುವಂತಿಲ್ಲ. ಅವನು ಹೇಳಿದ ಮೇಲೆ ಬೇರೆಯವರು ಆಗದು ಎನ್ನುವಂತೆಯೂ ಇಲ್ಲ. ಆಗ ಬಾಗಿಲು ತೆರೆದು ನೆರೆಹೊರೆಯವರು ಹೊಸ್ತಿಲ ಬಳಿ ಕೂರುತ್ತಾರೆ, ಅರ್ಧ ದಾರಿ ಬಿಟ್ಟುಕೊಂಡು. ಬರುವವರಿಗೆ ದಾರಿ ಬೇಕಲ್ಲ. ಹೆಚ್ಚು ಹೊತ್ತು ಕೂರಬೇಕಾಗಿ ಬರುವುದಿಲ್ಲ.

ನಾನು ಈ ಊರಿನ ಜೈಲಿನಲ್ಲಿ ಬೀಗದ ಜಮಾದಾರ. ನನಗಿಂತ ನನ್ನ ಬೀಗದ ಕೈಗಳ ಗೊಂಚಲೇ ಮೊದಲು ಮನೆಗೆ ಬರುತ್ತದೆ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಬೇರೆ ಊರಿನ ಜೈಲುಗಳಲ್ಲಿ ಮುದುಕ ಕೈದಿಗಳು ಸಾಯುತ್ತಾರಂತೆ. ನಮ್ಮಲ್ಲಿ ಯಾರೂ ಸತ್ತಿರಲಿಲ್ಲ. ಕಲ್ಲುಗೋಡೆ, ಕಬ್ಬಿಣದ ಬಾಗಿಲು, ಮೇಲೆ ಸರ್ಕಾರದ ಬೀಗ, ಎಲ್ಲಿಂದ ಸಾಯಬೇಕು? ಪ್ರತಿವರ್ಷ ರಾಜಧಾನಿಯಲ್ಲಿ ಸಮಾರಂಭ ಮಾಡಿ, ಒಂದೂ ಸಾವಿಲ್ಲದ ಜೈಲು ಎಂದು ನಮಗೆ ಬೆಳ್ಳಿಯ ಫಲಕ ಕೊಡುತ್ತಿದ್ದರು. ಸಾವೇ ಇಲ್ಲದ ಕಡೆ ಡಾಕ್ಟರ್ ಯಾಕೆ ಎಂದು ಆ ಹುದ್ದೆಯನ್ನು ಯಾವುದೋ ಕಾಲದಲ್ಲಿ ತೆಗೆದುಹಾಕಿದ್ದರು. ನಮ್ಮ ಸೂಪರಿಂಟೆಂಡೆಂಟ್ ನಾಗಭೂಷಣಯ್ಯನವರು ಕೆಟ್ಟ ಮನುಷ್ಯರಲ್ಲ. ಫಲಕದ ಮೇಲೆ ಧೂಳು ಕೂತರೆ ತಮ್ಮ ಕರವಸ್ತ್ರದಲ್ಲೇ ಒರೆಸುತ್ತಿದ್ದರು, ಅಷ್ಟೇ.

ಜೈಲಿನ ಹಿಂಭಾಗದಲ್ಲಿ ಒಂದು ಸಾಲು ಕೋಣೆಗಳಿವೆ. ಅದಕ್ಕೆ ಅಜ್ಜಂದಿರ ಸಾಲು ಎಂದು ಹೆಸರು. ಜೀವಾವಧಿ ಶಿಕ್ಷೆಯಾಗಿ ಬಂದು, ಮುದುಕರಾಗಿ, ಕಾಯಿಲೆ ಬಿದ್ದವರು ಅಲ್ಲಿರುತ್ತಾರೆ. ಉಳಿದ ಕೈದಿಗಳು ಹಗಲೆಲ್ಲ ಹೊರಗೆ ಕೆಲಸ ಮಾಡುತ್ತಾರೆ. ಇವರಿಗೆ ಮಾತ್ರ ಹಗಲೂ ಬೀಗ, ರಾತ್ರಿಯೂ ಬೀಗ. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿ ಕಾಲು ಕೊಳೆಯುತ್ತಿದ್ದ ಕಾಸಿಂ ಸಾಬರು, ಉಬ್ಬಸದ ಗುರುಪಾದಯ್ಯ, ಇನ್ನೂ ಕೆಲವರು. ಆ ಸಾಲಿನ ತುದಿಯಲ್ಲಿ ಪರಸಪ್ಪ.

ಪರಸಪ್ಪ ಒಂದು ಕಾಲದಲ್ಲಿ ಎತ್ತಿನ ದಲ್ಲಾಳಿ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವ ವಿಷಯದಲ್ಲಿ ಜೊತೆಯ ದಲ್ಲಾಳಿ ಮುನಿಸ್ವಾಮಿ ಇವನನ್ನು ಸಂತೆಯವರ ಎದುರಿಗೆ ಸುಳ್ಳ ಎಂದ. ಇವನು ಕೈಗೆ ಸಿಕ್ಕಿದ ನೊಗದ ಗೂಟದಿಂದ ಅವನ ತಲೆಗೆ ಹೊಡೆದ. ಯಾರಾದರೂ ಕೇಳಿದರೆ ಹೊಡೆದೆ, ಸತ್ತ, ಬಂದೆ ಎಂದು ಮೂರೇ ಮಾತಲ್ಲಿ ಮುಗಿಸುತ್ತಿದ್ದ. ಸುಳ್ಳ ಎಂದದ್ದು ನಿಜವೇ ಆಗಿತ್ತು ಎಂಬುದನ್ನೂ ಮುಚ್ಚಿಡುತ್ತಿರಲಿಲ್ಲ. ಈಗ ಅವನ ಹೊಟ್ಟೆಯಲ್ಲಿ ಗಡ್ಡೆ. ಹೊಟ್ಟೆ ನೀರಿನ ಕೊಡದಂತೆ ಊದಿಕೊಂಡಿತ್ತು, ಕೈಕಾಲು ಕಡ್ಡಿಯಾಗಿದ್ದವು. ದಿನಾ ಬೆಳಿಗ್ಗೆ ಗಂಜಿ ಕೊಡಲು ಕಿಂಡಿ ತೆಗೆದರೆ ಸಾಕು, ಬಾಗ್ಲು ತೆಗ್ಸಪ್ಪ ಎಂದು ಗೋಗರೆಯುತ್ತಿದ್ದ. ನೋವು ಹೆಚ್ಚಾದ ದಿನ ಮಾತೂ ಇಲ್ಲ, ಬರೀ ನರಳಾಟ. ಅವನ ಅಕ್ಕ ಸಣ್ಣಮ್ಮ ಮೊದಲು ಬಂದು ಹೋಗುತ್ತಿದ್ದವಳು ಆ ದನಿ ಕೇಳಲಾರದೆ ಬರುವುದನ್ನೇ ಬಿಟ್ಟಿದ್ದಳು.

ನಾನು ಎಷ್ಟೋ ಸಲ ಸಾಹೇಬರಿಗೆ ಹೇಳಿದ್ದೆ. ರೋಗಿ ತಾನೇ ಕೇಳುತ್ತಿದ್ದಾನೆ, ಊರಿನ ಪದ್ಧತಿಯಂತೆ ತೆಗೆಯಬೇಕಲ್ಲವೇ ಎಂದು. ಕೈದಿಯ ಬಾಗಿಲು ಕೈದಿಯದಲ್ಲ, ಸರ್ಕಾರದ್ದು, ಸರ್ಕಾರ ಇನ್ನೂ ತೆಗೆಯಿರಿ ಅಂದಿಲ್ಲ ಎನ್ನುತ್ತಿದ್ದರು. ಒಮ್ಮೆ ಸಿಡುಕಿ, ಮುನಿಸ್ವಾಮಿಗೆ ಯಾರು ಹೊಸ್ತಿಲಲ್ಲಿ ಕೂತಿದ್ದರು ಎಂದು ಕೇಳಿದರು. ನಾನು ಗೊಂಚಲು ಎತ್ತಿಕೊಂಡು ಸಾಲಿಗೆ ಮರಳಿದೆ. ಆದರೂ ಆ ಮುದುಕನ ಕಿಂಡಿ ಮುಚ್ಚುವಾಗಲೆಲ್ಲ ಸಂಕಟವಾಗುತ್ತಿತ್ತು.

ಹೀಗಿರುವಾಗ ಜೈಲಿಗೆ ಕಜ್ಜಿ ಬಂತು. ಬಂದು ಎಲ್ಲರಿಗೂ ಹತ್ತಿಕೊಂಡು, ಕೊನೆಗೆ ಸಾಹೇಬರಿಗೂ ಹತ್ತಿತು. ಕೈದಿಗಳು ಕೆರೆದುಕೊಳ್ಳುವಾಗ ಕಾಣದ ತುರ್ತು ಸಾಹೇಬರು ಕೆರೆದುಕೊಳ್ಳತೊಡಗಿದಾಗ ಕಂಡಿತು. ಮರುದಿನವೇ ದೂರದ ಆಸ್ಪತ್ರೆಯಿಂದ ಡಾಕ್ಟರ್ ಜಸಿಂತಾ ಎಂಬ ಹೆಣ್ಣುಮಗಳು ಜೀಪಿನಲ್ಲಿ ಬಂದಿಳಿದರು. ನಮ್ಮೂರಿನವರಲ್ಲ, ನಮ್ಮ ಪದ್ಧತಿ ಗೊತ್ತಿಲ್ಲ. ಕಜ್ಜಿಗೆ ಎಲ್ಲರೂ ಒಂದೇ ದಿನ ಮೈಗೆ ಮುಲಾಮು ಹಚ್ಚಿಕೊಳ್ಳಬೇಕು, ಒಬ್ಬರನ್ನು ಬಿಟ್ಟರೂ ಅವರಿಂದ ಮತ್ತೆ ನಿಮಗೇ ಬರುತ್ತದೆ ಎಂದು ಸಾಹೇಬರಿಗೆ ತಿಳಿಸಿ, ಕೋಣೆ ಕೋಣೆ ಸುತ್ತಿ ಅಜ್ಜಂದಿರ ಸಾಲಿಗೆ ಬಂದರು. ಪರಸಪ್ಪನ ದನಿ ಕೇಳಿ ಅಲ್ಲೇ ನಿಂತರು. ಏನಾಗಿದೆ, ಎಷ್ಟು ದಿನವಾಯಿತು ಎಂದರು. ಹೊಟ್ಟೆಯಲ್ಲಿ ಗಡ್ಡೆ, ಹಿಂದಿನ ಸಾಹೇಬರ ಕಾಲದಿಂದ ಎಂದೆ. ಬಾಗಿಲು ತೆಗೆಯಿರಿ ಎಂದರು.

ನಾನು ಸಾಹೇಬರ ಮುಖ ನೋಡಿದೆ. ಸಾಹೇಬರು ಮೊಣಕೈ ಕೆರೆಯುತ್ತ ಮೇಲೆ ನೋಡಿದರು. ಒಂದು ಕಡೆ ಫಲಕ, ಇನ್ನೊಂದು ಕಡೆ ತುರಿಕೆ. ಉಳಿದ ಅಜ್ಜಂದಿರು ಬಾಗಿಲು ತೆಗೆಸಿಕೊಳ್ಳಲು ಒಪ್ಪದೆ, ಮುಲಾಮು ಕೈಗೆ ಕೊಡಿ, ನಾವೇ ಹಚ್ಚಿಕೊಳ್ಳುತ್ತೇವೆ ಎಂದು ಕಿಂಡಿಯಿಂದ ಕೈ ಚಾಚಿದರು. ಪರಸಪ್ಪನಿಗೆ ಮುಲಾಮಿನ ಡಬ್ಬಿ ಹಿಡಿಯುವ ಶಕ್ತಿಯೂ ಇರಲಿಲ್ಲ. ಕೊನೆಗೆ ಸಾಹೇಬರು, ಹೇಗೂ ಅವನೇ ಕೇಳಿಕೊಂಡಿದ್ದಾನೆ, ಪದ್ಧತಿಯಂತೆ ಮಾಡು ಎಂದು ನನಗೆ ಹೇಳಿ, ಫಲಕ ಇದ್ದ ಕೋಣೆಗೆ ಹೋಗಿ ಕೂತರು.

ಪದ್ಧತಿಯಂತೆ ಮಾಡಿದೆ. ಸಣ್ಣಮ್ಮನಿಗೆ ಹೇಳಿಕಳಿಸಿದೆ. ಅಡುಗೆಯವರು ಬಿಸಿನೀರು ಕಾಯಿಸಿದರು. ಬಡಗಿ ಕೆಲಸದ ಕೈದಿ ಮೋನಪ್ಪ ಯಾರೂ ಹೇಳದೆಯೇ ಬಿದಿರು ಕಡಿದು ಚಟ್ಟ ಕಟ್ಟತೊಡಗಿದ. ಬೀಗ ತೆಗೆದು, ಬಾಗಿಲನ್ನು ಗೋಡೆಗೆ ಒರಗಿಸಿ, ಅರ್ಧ ದಾರಿ ಬಿಟ್ಟು ಹೊಸ್ತಿಲಲ್ಲಿ ಕೂತೆ. ಸಣ್ಣಮ್ಮ ಸೆರಗು ಬಾಯಿಗಿಟ್ಟುಕೊಂಡು ಪಕ್ಕದಲ್ಲಿ ಕೂತಳು. ಡಾಕ್ಟರು ನಮ್ಮನ್ನೂ ಚಟ್ಟವನ್ನೂ ಒಂದು ಥರ ನೋಡಿ ಒಳಗೆ ಹೋದರು. ಮುಲಾಮು ಹಚ್ಚಿದರು, ಹೊಟ್ಟೆ ಒತ್ತಿ ನೋಡಿದರು, ನೋವಿಗೆಂದು ಒಂದು ಸೂಜಿ ಚುಚ್ಚಿದರು. ಪರಸಪ್ಪ ಕೈ ಜೋಡಿಸಿ ಎದೆ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ.

ಕಾದೆವು. ಬಿಸಿಲು ಅಂಗಳದಿಂದ ಹೊಸ್ತಿಲಿಗೆ ಬಂತು. ಮೋನಪ್ಪ ಚಟ್ಟ ಮುಗಿಸಿ ಅದರ ಮೇಲೇ ಕೂತು ಬೀಡಿ ಸೇದಿದ. ನನ್ನ ಒಂದು ಕಾಲು ಜೋಮು ಹಿಡಿಯಿತು. ಒಳಗಿನಿಂದ ಸಣ್ಣಗೆ ಒಂದು ಸದ್ದು ಶುರುವಾಯಿತು. ಸಣ್ಣಮ್ಮ ಉಸಿರು ಎಳೆಯುತ್ತಿದ್ದಾನೆ ಎಂದು ಅಳತೊಡಗಿದಳು. ಬಗ್ಗಿ ನೋಡಿದರೆ ಗೊರಕೆ. ಎಷ್ಟು ವರ್ಷಗಳ ನಿದ್ದೆಯೋ, ಮಧ್ಯಾಹ್ನ ಇಳಿಯುವವರೆಗೆ ಹೊಡೆದ. ಎದ್ದವನು ಮೇಲೆ ಕೆಳಗೆ ನೋಡಿ, ಬಂದು ಹೋಯಿತಾ ಎಂದು ಕೇಳಿದ. ಇಲ್ಲ ಎಂದೆ.

"ಹಂಗಾರೆ ಮುದ್ದೆ ಆಗಿದ್ರೆ ಒಂದು ತುತ್ತು ತತ್ತಾ. ಹೊಟ್ಟೆ ಹಸೀತೈತೆ" ಎಂದ ಪರಸಪ್ಪ.

ಸಣ್ಣಮ್ಮ ಅಳಬೇಕೋ ಬಯ್ಯಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ನಾನು ಡಾಕ್ಟರ ಹತ್ತಿರ ಹೋಗಿ, ಬಾಗಿಲು ತೆಗೆದರೂ ಸಾಯಲಿಲ್ಲವಲ್ಲ ಎಂದು ದೂರು ಹೇಳುವವನಂತೆ ಹೇಳಿದೆ. ಅವರು ಕೈ ತೊಳೆಯುತ್ತಿದ್ದರು.

"ತೆಗೆದ ಕೂಡ್ಲೇ ಸಾಯ್ತಾರೆ ಅಂತ ನಿಮಗೆ ಯಾರು ಹೇಳಿದ್ದು? ನೀವು ಸಾಯೋ ಹೊತ್ತಿಗೇ ತೆಗೀತೀರಿ, ಅದಕ್ಕೇ ಹಂಗೆ ಕಾಣುತ್ತೆ. ಇವರಿಗೆ ಇನ್ನೂ ಟೈಮ್ ಇದೆ. ವಾಸಿ ಮಾಡೋಕೆ ನನ್ನ ಕೈಲಾಗಲ್ಲ, ನೋವಿಲ್ಲದ ಹಾಗೆ ಇಡೋಕಾಗುತ್ತೆ. ಆದರೆ ಕಿಂಡೀಲಿ ಕೈ ಹಾಕಿ ಅಲ್ಲ."

ತಲೆತಲಾಂತರದಿಂದ ನಮ್ಮೂರಿನ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಎಲ್ಲರೂ ಕೊನೆಯ ಗಳಿಗೆಗೇ ತೆಗೆಯುವವರು, ಸ್ವಲ್ಪ ಮುಂಚೆ ತೆಗೆದು ನೋಡಿದವರೇ ಇರಲಿಲ್ಲ. ಸಾವು ಏನು ನಮ್ಮ ಬಾಗಿಲ ಹಿಂದೆಯೇ ಹಗಲುರಾತ್ರಿ ಕಿವಿಗೊಟ್ಟು ನಿಂತಿರುತ್ತದೆಯೇ, ಅದಕ್ಕೂ ಬೇರೆ ಕೆಲಸ ಇರುತ್ತದೆ. ನನಗೆ ಅವತ್ತು ಊಟ ಸೇರಲಿಲ್ಲ. ಕಿಂಡಿಯಲ್ಲಿ ಮದುವೆಯೂಟ ಉಂಡ ಆ ಯಜಮಾನರ ನೆನಪಾಗುತ್ತಿತ್ತು. ಅವರೂ ಪಂಕ್ತಿಯಲ್ಲಿ ಕೂತು ಉಣ್ಣಬಹುದಿತ್ತು.

ಪರಸಪ್ಪನನ್ನು ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹೊಟ್ಟೆಯ ನೀರು ತೆಗೆದರು. ದಿನಕ್ಕಿಷ್ಟು ಎಂದು ಗುಳಿಗೆ ಕೊಟ್ಟರು. ಡಾಕ್ಟರು ವಾರಕ್ಕೊಮ್ಮೆ ಬಂದು ನೋಡತೊಡಗಿದರು. ಹಗಲು ಬಾಗಿಲು ತೆರೆದಿಡುವುದಕ್ಕೆ ಸಾಹೇಬರು ಒಪ್ಪಿದರು. ಮುದುಕ ಬೇವಿನ ಮರದ ಕೆಳಗೆ ಹಳೇ ಕಂಬಳಿ ಹಾಸಿಕೊಂಡು ಕೂತು, ಹಾದುಹೋಗುವ ಕೈದಿಗಳ ನಡಿಗೆ ನೋಡಿ, ಇವನಿಗೆ ಹಿಂಗಾಲು ಸೊಟ್ಟ, ಇವನು ಹೂಡಲಿಕ್ಕೆ ಬಾರದವನು ಎಂದು ಎತ್ತುಗಳನ್ನು ಅಳೆದಂತೆ ಅಳೆಯುತ್ತಿದ್ದ. ನನ್ನನ್ನು ಮೇವು ಹೆಚ್ಚಾದ ಹೋರಿ ಎಂದ.

ಆದರೆ ಸಂಜೆಯಾದರೆ ಬೀಗ ಬೀಳಲೇಬೇಕಿತ್ತು. ಅದನ್ನು ಬಿಡಲು ಸಾಹೇಬರು ಸುತರಾಂ ಒಪ್ಪಲಿಲ್ಲ. ಹಗಲಾದರೆ ಕಣ್ಣಿಟ್ಟಿರಬಹುದು, ರಾತ್ರಿ ಯಾರಿಗೂ ತಿಳಿಯದೆ ಸತ್ತರೆ ಸಮಾರಂಭದಲ್ಲಿ ಯಾವ ಮುಖ ಇಟ್ಟುಕೊಂಡು ನಿಲ್ಲಲಿ ಎನ್ನುತ್ತಿದ್ದರು. ಒಂದು ದಿನ ಪರಸಪ್ಪ ಗುಳಿಗೆ ನುಂಗುವುದನ್ನು ನಿಲ್ಲಿಸಿದ. ಎರಡನೆಯ ದಿನಕ್ಕೆ ನರಳಾಟ ಮತ್ತೆ ಶುರುವಾಯಿತು. ಹಟಕ್ಕೆ ಬಿದ್ದಿದ್ದ. ಏನು ಬೇಕು ನಿನಗೆ, ಬೀಗ ಬೇಡವೋ ಎಂದು ಕೇಳಿದೆ.

"ಬೀಗ ಬ್ಯಾಡ ಅನ್ನಕಿಲ್ಲ ಜಮಾದಾರಪ್ಪ. ನನ್ ಕೈಗಿರ್ಲಿ ಅಂತೀನಿ. ಕೊಲೆ ಮಾಡ್ದೆ, ಅದಕ್ಕೆ ಈ ಗೋಡೆ ಕೊಟ್ರಿ, ಸರಿ. ನನ್ ಸಾವೂ ನಿಮ್ದೇನಾ?"

ಅವನು ಓಡಿಹೋಗುವ ಮಾತೇ ಇರಲಿಲ್ಲ. ಬೇವಿನ ಮರದವರೆಗೆ ಹೋಗಲೇ ನಡುವೆ ಒಮ್ಮೆ ಕೂರುತ್ತಿದ್ದ. ಸಾಹೇಬರಿಗೆ ಹೇಳಿ ಪ್ರಯೋಜನವಿಲ್ಲವೆಂದು ಗೊತ್ತಿತ್ತು. ಅವರು ಫಲಕ ತರಲು ರಾಜಧಾನಿಗೆ ಹೊರಡುವವರೆಗೆ ಬಾಯಿ ಮುಚ್ಚಿಕೊಂಡಿದ್ದು, ಅವರ ಜೀಪು ಗೇಟು ದಾಟಿದ ಕೂಡಲೇ ಮೋನಪ್ಪನನ್ನು ಕರೆದೆ. ಹೊರಗಿನ ಬೀಗದ ಕೊಂಡಿ ಕಿತ್ತು, ಒಳಗಡೆ ಒಂದು ಚಿಲಕ ಕೂರಿಸು ಎಂದೆ. ಮೋನಪ್ಪ ಕಣ್ಣು ಕಣ್ಣು ಬಿಟ್ಟ. ಜೈಲಿನಲ್ಲಿ ಒಳಗೆ ಚಿಲಕ ಇಡುವುದೆಂದರೆ ನೆಟ್ಟಗೆ ನನ್ನ ಕೆಲಸಕ್ಕೇ ಕೊಡಲಿ ಏಟು. ಹೆಂಡತಿಗೆ ಹೇಳಲಿಲ್ಲ.

ಸಂಜೆ ಪರಸಪ್ಪನನ್ನು ಒಳಗೆ ಮಲಗಿಸಿ, ಚಿಲಕ ಮಂಚದಿಂದಲೇ ಕೈಗೆ ಸಿಗುತ್ತದೆಯೇ ಎಂದು ನೋಡಿ, ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದೆ. ಅವನು ಹಾಕಿಕೊಳ್ಳುವುದಿಲ್ಲ ಎಂದೇ ನನ್ನ ಎಣಿಕೆ. ವರ್ಷಗಟ್ಟಲೆ ಬಾಗಿಲು ತೆಗ್ಸಪ್ಪ ಎಂದು ಗೋಗರೆದವನು ಇವತ್ತು ಸುಮ್ಮನೆ ಬಿಟ್ಟುಕೊಂಡು ಮಲಗುತ್ತಾನೆ, ನಾಳೆ ಸಾಹೇಬರು ಬಂದು ನನ್ನ ಚರ್ಮ ಸುಲಿಯುತ್ತಾರೆ ಎಂದುಕೊಂಡೆ. ಇಡೀ ಸಾಲಿಗೆ ವಿಷಯ ಗೊತ್ತಾಗಿತ್ತು. ಗುರುಪಾದಯ್ಯ ಕೆಮ್ಮನ್ನೂ ತಡೆದು ಹಿಡಿದಿದ್ದ. ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ ಟಕ್ ಎಂದು ಚಿಲಕ ಬಿತ್ತು.

ಬೆಳಿಗ್ಗೆ ಯಾಕೆ ಹಾಕಿಕೊಂಡೆ ಮಾರಾಯ ಎಂದು ಕೇಳಿದರೆ, ಇವತ್ತು ಅವರೆಕಾಳು ಸಾರು ಅಂದಿದ್ದರಲ್ಲ ಎಂದ.

ಮರುದಿನ ಅಕ್ಕ ಬರುತ್ತಾಳೆ ಎಂದು ಹಾಕಿಕೊಂಡ. ಅದರ ಮರುದಿನ ಅವಳು ತಂದ ನುಚ್ಚಿನುಂಡೆ ಇನ್ನೂ ಎರಡು ಉಳಿದಿವೆ ಎಂದು. ಆಮೇಲೆ ಕೋಗಿಲೆ ಕೂಗುವುದನ್ನು ಕೇಳಬೇಕು, ಮಳೆ ಬರುವ ಹಾಗಿದೆ ನೋಡಬೇಕು, ನಿನ್ನೆ ಜಮಾದಾರನ ಜೊತೆ ಆಡಿದ ಚೌಕಾಬಾರ ಅರ್ಧಕ್ಕೆ ನಿಂತಿದೆ, ಸಣ್ಣಮ್ಮನಿಗೆ ಒಂದು ಬೈಗುಳ ವಾಪಸು ಕೊಡುವುದಿದೆ, ಹೀಗೆ ದಿನಕ್ಕೊಂದು ನೆಪ. ನೋವು ಇರಲಿಲ್ಲವೆಂದಲ್ಲ. ಕೆಲವು ದಿನ ಗುಳಿಗೆಯನ್ನೂ ಮೀರಿ ಬರುತ್ತಿತ್ತು, ಮುಖ ಬಿಳಿಚಿಕೊಳ್ಳುತ್ತಿತ್ತು. ಡಾಕ್ಟರಿಗೆ ಹೇಳಿಕಳಿಸಿ ಸೂಜಿ ಹಾಕಿಸುತ್ತಿದ್ದೆವು. ಅಂಥ ಸಂಜೆಯೂ ಚಿಲಕ ಹಾಕಿಕೊಂಡೇ ಮಲಗುತ್ತಿದ್ದ.

ಸಾಹೇಬರು ಫಲಕ ಹಿಡಿದು ಬಂದವರು ಚಿಲಕ ನೋಡಿ ಕೆಂಡವಾದರು. ನನ್ನನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿದರು. ಆದರೆ ಮುದುಕ ಬದುಕಿಯೇ ಇದ್ದ, ಮುಂಚಿಗಿಂತ ಗೆಲುವಾಗಿದ್ದ, ತಪ್ಪೇನೆಂದು ಬರೆಯುವುದು? ಇವತ್ತು ಕೀಳಿಸುತ್ತೇನೆ, ನಾಳೆ ಕೀಳಿಸುತ್ತೇನೆ ಎನ್ನುತ್ತಲೇ ಇದ್ದವರು ಸಂಜೆ ಬೇವಿನ ಮರದ ಹತ್ತಿರದ ನಲ್ಲಿಯಲ್ಲಿ ಕೈ ತೊಳೆಯಲು ಬರತೊಡಗಿದರು. ಆಫೀಸಿನ ಪಕ್ಕದಲ್ಲೇ ಅವರಿಗೆ ಬೇರೆ ನಲ್ಲಿ ಇತ್ತು. ಚಿಲಕ ಬೀಳುವವರೆಗೂ ಕೈ ತೊಳೆಯುತ್ತಲೇ ಇರುತ್ತಿದ್ದರು. ಬಿದ್ದ ಮೇಲೆ ನಲ್ಲಿ ನಿಲ್ಲಿಸಿ ಹೋಗುತ್ತಿದ್ದರು.

ಇತರ ಅಜ್ಜಂದಿರೂ ಮೆಲ್ಲಗೆ ಧೈರ್ಯ ಮಾಡಿದರು. ಕಾಸಿಂ ಸಾಬರು ಡಾಕ್ಟರು ಬಂದಾಗ ಬಾಗಿಲನ್ನು ಒಂದು ಗೇಣು ತೆಗೆಸಿ ಕಾಲು ಮಾತ್ರ ಹೊರಗಿಟ್ಟು ಗಾಯ ತೊಳೆಸಿಕೊಂಡರು. ಆಮೇಲೆ ಅರ್ಧ ಬಾಗಿಲು. ಸಂಜೆಗೆ ಮಾತ್ರ ಎಂದಿನಂತೆ ನನ್ನ ಬೀಗವೇ ಇರಲಿ ಎನ್ನುತ್ತಿದ್ದರು. ಒಳಗಿನ ಚಿಲಕದ ಹೆಸರೆತ್ತಿದರೆ ಅದೆಲ್ಲ ಪರಸಪ್ಪನಂಥ ಗಂಡೆದೆಯವರಿಗೆ ಎಂದು ನಗುತ್ತಿದ್ದರು.

ಅವರೆಕಾಯಿ ಕಾಲ ಮುಗಿದು ಮಾವಿನಕಾಯಿ ಕಾಲ ಬಂತು. ಪರಸಪ್ಪ ಮರದ ಕೆಳಗೆ ಬರುವುದು ನಿಂತಿತು. ಊಟ ಎರಡು ಚಮಚಕ್ಕಿಳಿಯಿತು. ಡಾಕ್ಟರು ಬಂದು ಬಹಳ ಹೊತ್ತು ಅವನ ಕೈ ಹಿಡಿದು ಕೂತು, ಹೋಗುವಾಗ ನನ್ನ ಹೆಗಲು ಮುಟ್ಟಿ ಹೋದರು. ಸಣ್ಣಮ್ಮ ದಿನಾ ಬಂದು ಕೂರತೊಡಗಿದಳು. ಒಂದು ಸಂಜೆ ಅವಳು ಎದ್ದು ಹೊರಗೆ ಬಂದಳು, ನಾನು ಬಾಗಿಲು ಮುಂದಕ್ಕೆ ಎಳೆದು ನಿಂತೆ. ನಲ್ಲಿಯ ನೀರು ಸುರಿಯುತ್ತಿತ್ತು. ಚಿಲಕ ಬೀಳಲಿಲ್ಲ. ಇನ್ನೂ ಸ್ವಲ್ಪ ಕಾದೆವು. ಸಾಹೇಬರು ನಲ್ಲಿ ನಿಲ್ಲಿಸಿದರು.

ನಾನು ಬಾಗಿಲು ಸರಿಸಿ ನೋಡಿದೆ. ಪರಸಪ್ಪ ಎಚ್ಚರವಾಗಿಯೇ ಇದ್ದ. ಮುಖದಲ್ಲಿ ನೋವಿರಲಿಲ್ಲ. ಕೈಗೆ ಎಟುಕಲಿಲ್ಲವೇ, ನಾನು ಹಾಕಿಕೊಡಲೇ ಎಂದು ಕೇಳಬೇಕೆನಿಸಿತು. ಅದನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಅವನೇ ಹೇಳಿದ.

"ಇವತ್ತು ಇರ್ಲಿ ಬುಡಪ್ಪಾ. ಬೇಕಾದಷ್ಟು ಆಯ್ತು."

ಬಾಗಿಲನ್ನು ಪೂರ್ತಿ ತೆರೆದೆ. ಸಣ್ಣಮ್ಮ ಒಳಗೆ ಹೋಗಿ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ನಾನು ಅರ್ಧ ದಾರಿ ಬಿಟ್ಟು ಕೂತೆ. ಸಾಹೇಬರು ಬಂದು ಸುತ್ತ ನೋಡಿ, ಪ್ಯಾಂಟು ಮೇಲಕ್ಕೆಳೆದುಕೊಂಡು, ನನ್ನ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ಆಗ ಪಕ್ಕದ ಕೋಣೆಯ ಕಿಂಡಿ ಬಡಿಯಿತು. ಕಾಸಿಂ ಸಾಬರು.

"ನಮ್ದೂ ತೆಗೀರಿ ಜಮಾದಾರ್ರೆ. ನಾವೂ ಕೂತ್ಕೋತೀವಿ."

ಹಗಲಿನಲ್ಲಿ ಡಾಕ್ಟರ ಮುಂದೆ ಒಂದು ಗೇಣು ತೆಗೆಸಿಕೊಳ್ಳುವುದು ಬೇರೆ. ಇದು ಸಾವು ಖಂಡಿತ ಬರುವ ಹೊತ್ತು, ಈ ಸಾಲಿಗೇ ಬರುತ್ತಿದೆ. ಕಾಯಿಲೆಯವರು ಬಾಗಿಲಿಲ್ಲದೆ ಅದರ ದಾರಿಯಲ್ಲೇ ಕೂತರೆ ಯಾರನ್ನು ಬಿಟ್ಟು ಯಾರನ್ನು ಕರೆದುಕೊಂಡು ಹೋಗುತ್ತದೆ ಎಂದು ಹೇಳುವವರು ಯಾರು? ಅದನ್ನೇ ಅವರಿಗೆ ಹೇಳಿದೆ. ಗೊತ್ತು, ಅವನು ಒಬ್ಬನೇ ಹೋಗಬಾರದು, ತೆಗೀರಿ ಎಂದರು. ಆ ಕಡೆಯಿಂದ ಗುರುಪಾದಯ್ಯನೂ ತೆಗೆಯಿರಿ ಎಂದ. ಒಂದೊಂದಾಗಿ ಎಲ್ಲ ಕಿಂಡಿಗಳೂ ಬಡಿದವು. ನಾನು ಸಾಹೇಬರ ಕಡೆ ತಿರುಗಿದೆ. ಅವರ ಕಣ್ಣು ತುಂಬಿತ್ತು. ತೆಗಿ ಎಂದರು.

ಗೋಡೆ ಹಿಡಿದು, ಒಬ್ಬರ ಹೆಗಲು ಒಬ್ಬರು ಹಿಡಿದು ಬಂದರು. ಕೆಲವರು ಹೀಗೆ ಆಕಾಶದ ಕೆಳಗೆ ಕೂತು ಎಷ್ಟು ಕಾಲವಾಗಿತ್ತೋ. ದಾರಿ ಬಿಟ್ಟುಕೊಂಡು ಎರಡೂ ಕಡೆ ಕೂತರು. ಪರಸಪ್ಪ ಮಲಗಿದಲ್ಲಿಂದಲೇ ಒಬ್ಬೊಬ್ಬರನ್ನೂ ನೋಡಿದ. ಇಷ್ಟು ವರ್ಷ ಬರೀ ದನಿ ಕೇಳಿ ಬಲ್ಲವರ ಮುಖಗಳು. ಒಳ್ಳೇ ಜಾತಿ ಎತ್ತುಗಳು ಎಂದು ಅಕ್ಕನಿಗೆ ಹೇಳಿದ, ಅವಳು ಸುಮ್ಮನಿರೋ ಎಂದು ಗದರಿದಳು. ಅದೇ ಅವನ ಕೊನೆಯ ಮಾತು. ಊಟದ ಗಂಟೆ ಹೊಡೆಯುವ ಮುಂಚೆ ನಮ್ಮ ನಡುವಿನ ದಾರಿಯಲ್ಲಿ ತಣ್ಣಗೆ ಏನೋ ಹಾದುಹೋದಂತಾಯಿತು. ಹಿಂದಿರುಗಿ ಹೋಗುವಾಗಲೂ ಯಾರ ಮೈಗೂ ತಾಗಲಿಲ್ಲ.

ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು. ಎಲ್ಲರೂ ಇದ್ದರು. ಗುರುಪಾದಯ್ಯ ತಡೆದಿದ್ದ ಕೆಮ್ಮನ್ನೆಲ್ಲ ಒಮ್ಮೆಗೇ ಕೆಮ್ಮಿದ, ಆ ಕೆಮ್ಮು ಕೇಳಿ ನನಗೆ ಆದಷ್ಟು ಸಂತೋಷ ಯಾವ ಹಾಡು ಕೇಳಿಯೂ ಆಗಿಲ್ಲ. ಸಣ್ಣಮ್ಮ ತಮ್ಮನ ಹಣೆ ಸವರುತ್ತ, ನಗುಮುಖದಲ್ಲಿ ಹೋದನಲ್ಲ ಎಂದು ಗಟ್ಟಿಯಾಗಿ ಅತ್ತಳು. ನಾನೂ ಅತ್ತೆ.

ಮರುದಿನ ಅವನನ್ನು ಮಣ್ಣು ಮಾಡಿ ಬಂದ ಮೇಲೆ ಸಾಹೇಬರು ಮೋನಪ್ಪನನ್ನು ಕರೆಸಿದರು. ಚಿಲಕ ಕೀಳಿಸುತ್ತಾರೆ ಎಂದುಕೊಂಡು ನಾನು ಮಾತಿಗೆ ಸಿದ್ಧನಾಗಿ ಹೋದೆ. ಉಳಿದ ಬಾಗಿಲುಗಳಿಗೂ ಒಳಗೇ ಹಾಕಿಸು, ಅಜ್ಜಂದಿರು ಬೆಳಿಗ್ಗೆಯೇ ಕೇಳಿದ್ದಾರೆ ಎಂದರು. ಡಾಕ್ಟರ ಹುದ್ದೆ ಮತ್ತೆ ಬೇಕೆಂದು ಮೇಲಿನವರಿಗೆ ಬರೆದಿದ್ದೇನೆ ಎಂದೂ ಹೇಳಿದರು. ಮೋನಪ್ಪ ಸಂಜೆಯವರೆಗೆ ಸುತ್ತಿಗೆ ಹಿಡಿದು ಬಾಗಿಲಿನಿಂದ ಬಾಗಿಲಿಗೆ ಹೋದ.

ಹೊತ್ತು ಮುಳುಗುವಾಗ ನಾನೂ ಸಾಹೇಬರೂ ಬೇವಿನ ಮರದ ಕೆಳಗೆ ನಿಂತೆವು. ಗುರುಪಾದಯ್ಯನ ಚಿಲಕ ಬಿತ್ತು. ಅದರ ಆಚೆಯದು ಬಿತ್ತು. ಒಂದೊಂದೇ ಬೀಳುತ್ತ ಬಂದು ಕಾಸಿಂ ಸಾಬರ ಕೋಣೆಯ ಹತ್ತಿರ ನಿಂತಿತು. ಸದ್ದಿಲ್ಲ. ಸಾಹೇಬರು ನನ್ನ ತೋಳು ಹಿಡಿದುಕೊಂಡರು. ಒಳಗೆ ಕಬ್ಬಿಣದ ಮೇಲೆ ಬೆರಳು ತಡಕಾಡುವುದು ಕೇಳಿಸಿತು. ಕಣ್ಣಿಲ್ಲದ ಮನುಷ್ಯ, ಹೊಸ ಚಿಲಕ, ಹುಡುಕುತ್ತಿದ್ದರು. ಕೊನೆಗೆ ಸಿಕ್ಕಿತು, ಟಕ್ ಎಂದು ಹಾಕಿಕೊಂಡು, ನಾಳೆ ಏನು ಸಾರು ಎಂದು ಒಳಗಿನಿಂದಲೇ ಕೇಳಿದರು.